ಗೋಡೆ ಆರಿದ ಮೇಲೆ ಇನ್ನೊಮ್ಮೆ ಸಮೀಕ್ಷೆ ನಡೆಯಲಿ: ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ಭೀಮಾ ನದಿಯ ನೀರು ಮನೆಗಳಿಗೆ ನುಗ್ಗಿ ಇಳಿದುಹೋದ ನಂತರ ನಡೆಯುವ ಹಾನಿ ಸಮೀಕ್ಷೆಯ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಪರಿಹಾರದ ಮೊತ್ತ ಹೆಚ್ಚಿಸಬೇಕೆಂದು ಕೇಳುವವರು ಬೇರೆ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವೂ ಇದೆ. ನನ್ನ ಕೋರಿಕೆ ಅದಲ್ಲ. ನೀರು ಇಳಿದ ಕೆಲವೇ ದಿನಗಳಲ್ಲಿ ಒಮ್ಮೆ ನೋಡಿ ಬರೆದುಕೊಂಡ ಲೆಕ್ಕವೇ ಕೊನೆಯ ಲೆಕ್ಕವಾಗಬಾರದು. ಗೋಡೆಗಳು ಆರಿದ ಮೇಲೆ ಎರಡನೆಯ ಸಮೀಕ್ಷೆಯೊಂದು ನಿಯಮದಂತೆಯೇ ನಡೆಯಬೇಕು.

2020ರ ಅಕ್ಟೋಬರಿನಲ್ಲಿ ಮತ್ತು 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಳೆ ಹಾಗೂ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳನ್ನು ಹೇಗೆ ಸುತ್ತುವರಿಯಿತೆಂಬುದು ತಮಗೆ ತಿಳಿದದ್ದೇ. ಜನರನ್ನು ಮುಂಚಿತವಾಗಿ ಎಚ್ಚರಿಸಿ ಕಾಳಜಿ ಕೇಂದ್ರಗಳಿಗೆ ಕರೆದೊಯ್ಯುವ ಕೆಲಸ ಮೊದಲಿಗಿಂತ ಸುಧಾರಿಸಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ತೊಡಕು ಶುರುವಾಗುವುದು ಕಾಳಜಿ ಕೇಂದ್ರದಿಂದ ಮನೆಗೆ ಮರಳಿದ ದಿನದಿಂದ.

ನಮ್ಮ ಊರುಗಳ ಹಳೆಯ ಮನೆಗಳು ಹೆಚ್ಚಾಗಿ ಕಲ್ಲು ಮತ್ತು ಮಣ್ಣಿನ ಗೋಡೆಯವು; ಒಂದೂವರೆ ಅಡಿಗೂ ಹೆಚ್ಚು ದಪ್ಪದ ಗೋಡೆ, ನಡುವೆ ಮಣ್ಣಿನ ಗಾರೆ, ನೆಲಕ್ಕೆ ಶಹಾಬಾದ್ ಫರಸಿ, ಅದರ ಅಡಿಯಲ್ಲಿ ಎರೆಮಣ್ಣು. ನೀರು ಏರಿದಾಗ ಈ ಎರೆಮಣ್ಣು ಉಬ್ಬಿ ಅಡಿಪಾಯವನ್ನು ಮೇಲಕ್ಕೆ ಒತ್ತುತ್ತದೆ. ಆರಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಂದು ಮೂಲೆ ಬೇಗ ಆರಿ ಇನ್ನೊಂದು ಮೂಲೆ ಹಸಿಯಾಗಿಯೇ ಇದ್ದರೆ ಅಡಿಪಾಯ ಒಂದೇ ಸಮನಾಗಿ ಇಳಿಯದೆ ಗೋಡೆ ಓರೆಯಾಗಿ ಸೀಳುತ್ತದೆ. ಗೋಡೆಯೊಳಗಿನ ಮಣ್ಣಿನ ಗಾರೆ ನೀರಿನಲ್ಲಿ ಕದಡಿ ಹೊರಬಂದಿದ್ದರೂ ಕಲ್ಲುಗಳು ಕೆಲಕಾಲ ತಮ್ಮ ಭಾರದಲ್ಲಿಯೇ ನಿಂತಿರುತ್ತವೆ. ಹೀಗಾಗಿ ನೀರು ಇಳಿದ ಮೊದಲ ವಾರದಲ್ಲಿ ನೆಟ್ಟಗೆ ಕಾಣುವ ಗೋಡೆ ದೀಪಾವಳಿ ದಾಟಿದ ಮೇಲೆ ಕುಸಿಯುವುದು ಅಚ್ಚರಿಯ ಸಂಗತಿಯಲ್ಲ. ಊರಿನ ಯಾವ ಗೌಂಡಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಗೋಡೆಯ ದಪ್ಪದ ಪ್ರತಿ ಇಂಚು ಆರಲು ಸುಮಾರು ಒಂದು ತಿಂಗಳು ಬೇಕೆಂಬ ಲೆಕ್ಕವೊಂದು ಎಂಜಿನಿಯರುಗಳಲ್ಲಿ ಬಳಕೆಯಲ್ಲಿದೆ. ಅದು ತಂಪು ದೇಶಗಳ ಲೆಕ್ಕ, ಕಲಬುರಗಿಯ ಬಿಸಿಲಿನ ಮುಂದೆ ಪೂರ್ತಿ ನಿಲ್ಲದಿರಬಹುದು. ಆದರೂ ನೀರು ಕುಡಿದ ದಪ್ಪ ಗೋಡೆ ಎಂಟು ದಿನಗಳಲ್ಲಿ ಆರುವುದಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಈಗ ವರ್ಗೀಕರಣವನ್ನು ಗಮನಿಸಿ. 2020ರ ನೆರೆಯ ಬಳಿಕ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆಗಳನ್ನು ಎ ವರ್ಗಕ್ಕೆ ಸೇರಿಸಿ 5 ಲಕ್ಷ ರೂಪಾಯಿ, ಶೇ 15ರಿಂದ 25ರಷ್ಟು ಹಾನಿಯಾದವನ್ನು ಸಿ ವರ್ಗಕ್ಕೆ ಸೇರಿಸಿ 50 ಸಾವಿರ ರೂಪಾಯಿ ಎಂದು ಸರ್ಕಾರ ನಿಗದಿ ಮಾಡಿತ್ತು. ಶೇ 15ಕ್ಕಿಂತ ಕಡಿಮೆ ಹಾನಿಯಾದ ಮನೆಗೆ ಕಟ್ಟಡದ ಪರಿಹಾರವೇ ಇಲ್ಲ. ಮೊತ್ತಗಳು ಬದಲಾಗುತ್ತಿರಬಹುದು, ಆದರೆ ಶೇಕಡಾವಾರು ಅಳತೆಯನ್ನು ಹಸಿ ಗೋಡೆಯ ಮೇಲೆ ಹಾಕುವ ಪದ್ಧತಿ ಹಾಗೆಯೇ ಉಳಿದರೆ ತಪ್ಪೂ ಹಾಗೆಯೇ ಉಳಿಯುತ್ತದೆ. ಮೊದಲ ಭೇಟಿಯಲ್ಲಿ ‘ನೀರು ನುಗ್ಗಿದ ಮನೆ’ ಎಂದಷ್ಟೇ ದಾಖಲಾಗಿ ಪಾತ್ರೆ ಬಟ್ಟೆಗಳ ಪರಿಹಾರ ಪಡೆದ ಕುಟುಂಬವೊಂದರ ಹಿಂಬದಿ ಗೋಡೆ ನಂತರ ಬಿದ್ದಾಗ, ಸಮೀಕ್ಷೆ ಮುಗಿದಿದೆ, ಇನ್ನು ಹೆಸರು ಸೇರಿಸಲು ಬರುವುದಿಲ್ಲ ಎಂಬ ಉತ್ತರ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಉತ್ತರ ಕೊಟ್ಟ ನೌಕರರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸಮೀಕ್ಷೆಯ ಪದ್ಧತಿಯಿಂದ ಇನ್ನೊಂದು ಕೇಡೂ ಆಗುತ್ತಿದೆ. ಹಾನಿ ಕಣ್ಣಿಗೆ ಕಾಣದಿದ್ದರೆ ಬರೆದುಕೊಳ್ಳುವುದಿಲ್ಲವೆಂಬ ಭಯದಿಂದ ಜನರು ರಾಡಿ ತೆಗೆಯದೆ, ನೆನೆದ ಕೌದಿ, ಗಾದಿ, ಜೋಳದ ಚೀಲಗಳನ್ನು ಹೊರಗೆ ಹಾಕದೆ ಅಧಿಕಾರಿಗಳ ದಾರಿ ಕಾಯುತ್ತಾರೆ. ಒದ್ದೆಯಾದ ವಸ್ತುಗಳ ಮೇಲೆ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯಲು ಆರಂಭವಾಗುತ್ತದೆ. ಮನೆ ಬೇಗ ಆರಬೇಕಾದರೆ ಮೊದಲ ದಿನವೇ ರಾಡಿ ಹೊರಹೋಗಬೇಕು, ಫರಸಿಯ ಕೆಲವು ಕಲ್ಲುಗಳನ್ನಾದರೂ ಎತ್ತಿ ಕೆಳಗಿನ ನೀರಿಗೆ ದಾರಿ ಮಾಡಬೇಕು, ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಬೇಕು. ನೀರು ನಿಂತ ಎತ್ತರದ ಗೆರೆ ಗೋಡೆಯ ಮೇಲೆ ಸ್ಪಷ್ಟವಾಗಿ ಉಳಿದಿರುತ್ತದೆ. ಆ ಗೆರೆಯೂ ಹಾಳಾದ ಸಾಮಾನೂ ಕಾಣುವಂತೆ ಮೊಬೈಲಿನಲ್ಲಿ ತೆಗೆದ ಫೋಟೊವನ್ನೇ ಸಾಕ್ಷಿಯೆಂದು ಒಪ್ಪಿಕೊಳ್ಳುವುದಾಗಿ ಡಂಗುರ ಸಾರಿಸಿದರೆ, ಯಾರೂ ಕಾಯದೆ ಮನೆ ತೊಳೆಯಲು ತೊಡಗುತ್ತಾರೆ. ಇದಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.

ದುರಸ್ತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಹಣ ಬೇಕು. ಪರಿಹಾರದ ಹಣ ಕೈಗೆ ಬಂದ ಕೂಡಲೇ ಹಸಿ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ಈಗಿನ ವಾಡಿಕೆ. ನೋಡಲು ಗಟ್ಟಿಯಾಗಿ ಕಾಣುವ ಆ ಗಿಲಾವು ಒಳಗಿನ ತೇವವನ್ನು ಹೊರಬಿಡದೆ ಮಣ್ಣಿನ ಗೋಡೆಯನ್ನು ಒಳಗಿಂದಲೇ ಮೆತ್ತಗೆ ಮಾಡುತ್ತದೆ, ಮರುವರ್ಷ ಬಿಳಿ ಉಪ್ಪು ಉಬ್ಬಿಸಿಕೊಂಡು ಹಪ್ಪಳದಂತೆ ಕಳಚಿ ಬೀಳುತ್ತದೆ. ಇಂಥ ಗೋಡೆಗಳಿಗೆ ತೇವ ಹೊರಹೋಗಲು ಬಿಡುವ ಸುಣ್ಣದ ಗಾರೆಯೇ ತಕ್ಕದ್ದು. ಅದನ್ನೂ ಗೋಡೆ ಆರಿದ ಮೇಲೆಯೇ ಬಳಿಯಬೇಕು. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆ. ಜಿಲ್ಲಾ ನಿರ್ಮಿತಿ ಕೇಂದ್ರದ ಮೂಲಕ ನದಿದಂಡೆಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಕೆಲವರಿಗೆ ತರಬೇತಿ ಕೊಡಿಸಿ, ಅದರ ವೆಚ್ಚವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಭರಿಸಲು ಸಾಧ್ಯವೇ ಎಂಬುದನ್ನು ತಾವು ಪರಿಶೀಲಿಸಬೇಕು. ಪಂಚಾಯಿತಿಗೊಂದು ಡೀಸೆಲ್ ಪಂಪು ಮತ್ತು ಮಳೆಗಾಲಕ್ಕೆ ಮೊದಲೇ ತಂದಿಟ್ಟ ಬ್ಲೀಚಿಂಗ್ ಪೌಡರ್ ಕೂಡ ಇದೇ ವೆಚ್ಚದಲ್ಲಿ ಸೇರಲಿ. ನೀರು ನಿಂತ ಮನೆಯ ವೈರಿಂಗನ್ನು ಪರೀಕ್ಷಿಸದೆ ಮೇನ್ ಸ್ವಿಚ್ ಹಾಕಬಾರದೆಂಬ ಸೂಚನೆಯ ಜೊತೆಗೆ, ಆ ಪರೀಕ್ಷೆಯನ್ನು ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ಸಿಬ್ಬಂದಿಯೇ ಉಚಿತವಾಗಿ ಮಾಡಿಕೊಡುವ ವ್ಯವಸ್ಥೆಯೂ ಆಗಬೇಕು.

ಎರಡನೆಯ ಸಮೀಕ್ಷೆ ನೀರು ಇಳಿದ ಎರಡು ತಿಂಗಳ ಆಸುಪಾಸಿನಲ್ಲಿ, ಗ್ರಾಮ ಆಡಳಿತ ಅಧಿಕಾರಿ ಮತ್ತು ಪಂಚಾಯಿತಿ ಎಂಜಿನಿಯರ್ ಕೂಡಿ, ಮೊದಲ ಪಟ್ಟಿಯಲ್ಲಿರುವ ಎಲ್ಲ ಮನೆಗಳಲ್ಲಿ ನಡೆಯಲಿ. ಅಗತ್ಯ ಕಂಡಲ್ಲಿ ಮನೆಯ ವರ್ಗವನ್ನು ಮೇಲಕ್ಕೆ ಬದಲಿಸುವ ಅಧಿಕಾರ ತಹಶೀಲ್ದಾರರಿಗಿರಲಿ, ಪರಿಷ್ಕೃತ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಮುಂದಿನ ಮುಂಗಾರು ಬರುವುದಕ್ಕೆ ಮೊದಲೇ ಈ ಕುರಿತು ಆದೇಶ ಹೊರಡಿಸುವಂತೆ ಕಂದಾಯ ಇಲಾಖೆಗೆ ತಾವು ಶಿಫಾರಸು ಮಾಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಭೀಮಾ ದಂಡೆಯ ನಿವಾಸಿ, ಅಫಜಲಪುರ ತಾಲ್ಲೂಕು