ಅರ್ಜಿ ಕೇಳುವುದನ್ನು ಬಿಡಿ, ಮಾಸಾಶನ ಕೊಡಿ: ಕೇಂದ್ರ ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೌರ್ ಸಿಂಗ್ ಯಾರೆಂದು ತಮಗೆ ಹೇಳಬೇಕಿಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೆವಿವೇಟ್ ಬಾಕ್ಸಿಂಗ್ ಚಿನ್ನ ಅವರದು. ಅರ್ಜುನ, ಪದ್ಮಶ್ರೀ ಎರಡೂ ಬಂದವು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋದರು. ಅದಕ್ಕೂ ಮೊದಲು, 1980ರಲ್ಲಿ, ದೆಹಲಿಗೆ ಬಂದಿದ್ದ ಮುಹಮ್ಮದ್ ಅಲಿಯ ಎದುರು ಪ್ರದರ್ಶನ ಪಂದ್ಯಕ್ಕೆ ರಿಂಗ್ ಹತ್ತಿದ್ದು ಇದೇ ಸೇನೆಯ ಬಾಕ್ಸರ್. ನಮ್ಮ ಕಾಲದ ಹುಡುಗರು ಗ್ಲೌಸ್ ಹಾಕಿಕೊಳ್ಳಲು ಆ ಸುದ್ದಿಯೊಂದೇ ಸಾಕಾಗಿತ್ತು.

ಅಂಥವರು 2017ರ ಹೊತ್ತಿಗೆ ಹೃದಯದ ಚಿಕಿತ್ಸೆಗಾಗಿ ಬಡ್ಡಿಗೆ 2 ಲಕ್ಷ ರೂಪಾಯಿ ಸಾಲ ತಂದಿದ್ದರು. ಏಷ್ಯಾಡ್ ಚಿನ್ನಕ್ಕೆಂದು ಪಂಜಾಬ್ ಸರ್ಕಾರ ಘೋಷಿಸಿದ್ದ 1 ಲಕ್ಷ ಮೂರು ದಶಕ ಕಳೆದರೂ ಕೈಸೇರಿರಲಿಲ್ಲ. ಪತ್ರಿಕೆಗಳು ಬರೆದ ಮೇಲೆ ತಮ್ಮ ಸಚಿವಾಲಯ 5 ಲಕ್ಷ ಮಂಜೂರು ಮಾಡಿತು. ಕೃತಜ್ಞತೆಯಿಂದಲೇ ಕೇಳುತ್ತೇನೆ: ಪತ್ರಿಕೆಯವರು ಅವರ ಹಳ್ಳಿಗೆ ಹೋಗದೇ ಇದ್ದಿದ್ದರೆ? 2023ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಇನ್ನು ಅವರಿಗೆ ಕೊಡುವುದಕ್ಕೆ ಯಾರ ಬಳಿಯೂ ಏನೂ ಉಳಿದಿಲ್ಲ.

ನಾನು ರಾಜ್ಯ ಮಟ್ಟದಲ್ಲಿ ಆಡಿದವನು, ಅವರ ಸಾಲಿಗೆ ಸೇರುವವನಲ್ಲ. ಆದರೆ ಪೆಟ್ಟು ಎಲ್ಲರಿಗೂ ಒಂದೇ. ನನ್ನ ಬಲಗೈ ಗೆಣ್ಣುಗಳು ಊದಿಕೊಂಡು ಬೆರಳು ಮಡಚುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವವಳು ಹೆಂಡತಿ. ಮಾಜಿ ಕ್ರೀಡಾಪಟುಗಳ ಮಾಸಾಶನಕ್ಕೆ ಅರ್ಜಿ ಹಿಡಿದು ಹೋದಾಗ ಮೇಜಿನಾಚೆಯ ಗುಮಾಸ್ತ ಹೇಳಿದ್ದೇನು ಗೊತ್ತೇ? "ಆಟದಿಂದ ನಿವೃತ್ತಿ ಆಗಿದ್ದೀರಿ ಅನ್ನೋದಕ್ಕೆ ಪ್ರಮಾಣಪತ್ರ ತನ್ನಿ." ಅರವತ್ತು ದಾಟಿದವನಿಗೆ, ಪೆನ್ನು ಹಿಡಿಯಲಾಗದೆ ಹೆಬ್ಬೆಟ್ಟು ಒತ್ತಿದವನಿಗೆ! ಪತ್ರ ಕೊಡಬೇಕಾದ ಸಂಘ ಎಂದೋ ಮುಚ್ಚಿದೆ ಎಂದೆ. "ಹಾಗಾದ್ರೆ ಆಗಲ್ಲ" ಎಂದು ಕಡತ ಪಕ್ಕಕ್ಕೆ ತಳ್ಳಿದ. ಮೈ ಉರಿದುಹೋಯಿತು. ಅಲ್ಲಿ ಕೂತವರಲ್ಲಿ ಯಾರಾದರೂ ಒಂದು ಸುತ್ತು ಆಡಿದ್ದಾರೆಯೇ ಸ್ವಾಮಿ?

ಏಷ್ಯನ್, ಕಾಮನ್‌ವೆಲ್ತ್, ಒಲಿಂಪಿಕ್ ಪದಕ ಗೆದ್ದವರಿಗೆ ಮಾಸಾಶನ ಕೊಡುವ ಯೋಜನೆ ತಮ್ಮಲ್ಲೇ ಇದೆ. ನಿಯಮ ತಮಗೆ ಗೊತ್ತು. ಗೆದ್ದವರ ಪಟ್ಟಿಯೂ ತಮ್ಮ ಕಚೇರಿಯಲ್ಲೇ ಇದೆ. ಹಾಗಿದ್ದ ಮೇಲೆ ಅರ್ಜಿ ಯಾಕೆ? ವಯಸ್ಸಾದ ಕೂಡಲೇ ತಾವಾಗಿಯೇ ಹಣ ಕಳುಹಿಸಿ. ಒಲಿಂಪಿಕ್ಸ್‌ನಲ್ಲಿ ಆಡಿ ಪದಕವಿಲ್ಲದೆ ಬಂದವರನ್ನೂ ಅದಕ್ಕೆ ಸೇರಿಸಿ. ರಾಜ್ಯಗಳಿಗೂ ಇದನ್ನೇ ಬರೆಯಿರಿ. ಮುದುಕರನ್ನು ಕಚೇರಿಯಿಂದ ಕಚೇರಿಗೆ ಅಲೆಸಬೇಡಿ. ಅರ್ಜಿ ಕೇಳಬೇಡಿ, ಮಾಸಾಶನ ಕೊಡಿ. ಈ ಬಜೆಟ್‌ಗೆ ಮುಂಚೆ ಆದೇಶ ಹೊರಡಲಿ.

ಇಂತಿ,
ಒಬ್ಬ ಮಾಜಿ ಬಾಕ್ಸರ್