ಬಟ್ಟಿ ಇಳಿಸುವ ಮೊದಲು ತಣ್ಣೀರಿನ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ಹೂವು, ಎಲೆ, ಬೇರುಗಳಿಂದ ಸುಗಂಧಜಲ ಇಳಿಸಲು ಮನೆಯಲ್ಲೇ ಒಂದು ಸಣ್ಣ ಬಟ್ಟಿ ಸಾಧನ ಕಟ್ಟಿಕೊಳ್ಳಬಯಸುವ ಹೊಸಬರಿಗೆ ಸಿಗುವ ಸಲಹೆಗಳು ಬಹುಮಟ್ಟಿಗೆ ಪಾತ್ರೆ ಎಂಥದಿರಬೇಕು, ಒಲೆ ಯಾವುದಾಗಬೇಕು ಎಂಬುದರ ಸುತ್ತಲೇ ತಿರುಗುತ್ತವೆ. ನೀರು ಕುದಿಸುವುದು ಯಾರಿಗೂ ಕಷ್ಟವಲ್ಲ. ಎದ್ದ ಹಬೆಯನ್ನು ಮತ್ತೆ ನೀರಾಗಿಸುವುದರಲ್ಲೇ ಮೊದಲ ಸಾಧನಗಳು ಸೋಲುತ್ತವೆ ಎಂಬುದನ್ನು ಸ್ವಂತ ಸೋಲಿನಿಂದ ಕಲಿತವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೊದಲು ಕಟ್ಟಿದ್ದು ಮುಚ್ಚಳವಿದ್ದ ಒಂದು ಸ್ಟೀಲ್ ಪಾತ್ರೆ, ತಾಮ್ರದ ಸುರುಳಿ ಕೊಳವೆ ಮತ್ತು ಅದು ಮುಳುಗುವಷ್ಟು, ಅಂದರೆ 5 ಲೀಟರ್ ತಣ್ಣೀರಿನ ಬಕೆಟ್. ಒಲೆ 1000 ವಾಟ್‌ನದು. ಮೊದಲ ಹನಿಗಳು ತಂಪಾಗಿ, ತಿಳಿಯಾಗಿ ಬಿದ್ದವು. ಕುದಿ ಹತ್ತಿ ಕಾಲು ಗಂಟೆ ಕಳೆಯುವಷ್ಟರಲ್ಲಿ ಬಕೆಟ್ಟಿನ ಮೇಲುನೀರಿನಲ್ಲಿ ಕೈ ಇಡಲಾಗಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಹನಿಗಿಂತ ಹಬೆಯೇ ಹೆಚ್ಚಾಗಿ ಹೊರಬರುತ್ತಿತ್ತು, ಅದರೊಂದಿಗೆ ನಾನು ಹಿಡಿಯಬೇಕೆಂದಿದ್ದ ಪರಿಮಳವೂ ಹೊರಟುಹೋಗುತ್ತಿತ್ತು.

ತಪ್ಪು ಎಲ್ಲಿತ್ತೆಂದು ಒಂದು ಸರಳ ಲೆಕ್ಕವೇ ಹೇಳುತ್ತದೆ. ಕುದಿಬಿಂದುವಿನಲ್ಲಿರುವ 1 ಕಿಲೋ ನೀರು ಹಬೆಯಾಗಲು ಸುಮಾರು 2257 ಕಿಲೋಜೂಲ್ ಶಾಖ ಬೇಕು, ಆ ಹಬೆ ಮರಳಿ ನೀರಾಗುವಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. 1 ಕಿಲೋ ತಣ್ಣೀರನ್ನು 1 ಡಿಗ್ರಿ ಬಿಸಿಯಾಗಿಸಲು ಬೇಕಾದುದು 4.2 ಕಿಲೋಜೂಲ್ ಮಾತ್ರ. ಆದ್ದರಿಂದ ತಣಿಸುವ ನೀರು 25ರಿಂದ 55 ಡಿಗ್ರಿಗೆ ಏರಬಹುದೆಂದು ಬಿಟ್ಟುಕೊಂಡರೂ, ಇಳಿದುಬರುವ ಪ್ರತಿ ಲೀಟರಿಗೆ 18ರಿಂದ 20 ಲೀಟರ್ ತಣ್ಣೀರು ಬೇಕೇಬೇಕು. 1000 ವಾಟ್ ಶಾಖಕ್ಕೆ ಗಂಟೆಗೆ ಸುಮಾರು 30 ಲೀಟರ್, ಎಂದರೆ ನಿಮಿಷಕ್ಕೆ ಅರ್ಧ ಲೀಟರ್ ಹರಿದರೆ ಸಾಕು. ನನ್ನ ಬಕೆಟ್ಟಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಬಿಸಿನೀರು ಮೇಲೇರುವುದರಿಂದ ಹೊಸ ನೀರು ಬಕೆಟ್ಟಿನ ಅಡಿಗೆ ಬಂದು, ಕಾದ ನೀರು ಮೇಲಂಚಿನಿಂದ ಹೊರಹೋಗುವಂತೆ ಜೋಡಿಸಬೇಕು. ನೀರನ್ನು ಪೋಲು ಮಾಡಲೊಲ್ಲದವರು ದೊಡ್ಡ ಡ್ರಮ್ಮಿನ ನೀರನ್ನೇ ಸಣ್ಣ ಪಂಪಿನಿಂದ ಸುತ್ತಿಸಬಹುದು, ಇಲ್ಲವೇ ಉರಿ ತಗ್ಗಿಸಿ ತಾಳ್ಮೆಯಿಂದ ಕಾಯಬಹುದು. ಎರಡನೆಯದೇ ನನಗೆ ಹಿಡಿಸಿದ ದಾರಿ.

ಕೊಳವೆಯನ್ನು ಸುತ್ತುವ ಮುನ್ನ ಒಣಗಿದ ಪುಡಿ ಉಪ್ಪನ್ನು ಒಳಗೆ ಒತ್ತಿ ತುಂಬಿ ಎರಡೂ ತುದಿ ಮುಚ್ಚಿದರೆ ತಾಮ್ರ ಚಪ್ಪಟೆಯಾಗದೆ ಬಾಗುತ್ತದೆ. ಆಮೇಲೆ ನೀರು ಹರಿಸಿದರೆ ಉಪ್ಪು ಕರಗಿಹೋಗುತ್ತದೆ. ಸುರುಳಿ ಮೊದಲಿನಿಂದ ಕೊನೆಯವರೆಗೆ ಇಳಿಜಾರಾಗಿಯೇ ಇರಬೇಕು. ನಡುವೆ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ನೀರು ನಿಂತು, ಹಬೆ ಅದನ್ನು ತಳ್ಳುತ್ತ ಗುಳುಗುಳು ಎಂದು ಉಗುಳುತ್ತದೆ.

ಸುರಕ್ಷತೆಯ ಮಾತೂ ಇದೇ ದಾರಿಗೆ ಸೇರಿದ್ದು. ನೀರು ಹಬೆಯಾದಾಗ ಅದರ ಗಾತ್ರ 1600 ಪಟ್ಟಿಗೂ ಹೆಚ್ಚಾಗುತ್ತದೆ. ಆದ್ದರಿಂದ ಪಾತ್ರೆಯಿಂದ ಕೊಳವೆಯ ತುದಿಯವರೆಗಿನ ಹಾದಿಯಲ್ಲಿ ಕವಾಟ, ಬಿರಡೆ ಯಾವುದೂ ಇರಕೂಡದು. ಎಲೆ ಚೂರುಗಳು ಬಾಯಿ ಕಟ್ಟದಂತೆ ಜಾಲರಿ ಹಾಕಿ, ಪಾತ್ರೆಯನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮುಚ್ಚಳದ ಸಂದಿಗೆ ಹಿಟ್ಟಿನ ಕಣಕ ಮೆತ್ತುವ ಹಳೆಯ ಪದ್ಧತಿಯನ್ನು ನಾನು ಈಗಲೂ ಬಿಟ್ಟಿಲ್ಲ, ಏಕೆಂದರೆ ಒತ್ತಡ ಹೆಚ್ಚಿದರೆ ಬಿರಿಯುವುದು ಕಣಕವೇ ಹೊರತು ಪಾತ್ರೆಯಲ್ಲ. ಕೊಳವೆಯ ತುದಿ ಸಂಗ್ರಹಿಸಿದ ನೀರಿನಲ್ಲಿ ಮುಳುಗಿರುವಾಗ ಒಲೆ ಆರಿಸಿದರೆ, ತಣಿಯುವ ಪಾತ್ರೆ ಆ ನೀರನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುತ್ತದೆ. ಒಂದು ಮಧ್ಯಾಹ್ನದ ದುಡಿಮೆಯನ್ನು ನಾನು ಹಾಗೆಯೇ ಕಳೆದುಕೊಂಡೆ.

ಸೀಸ ಬೆರೆತ ಬೆಸುಗೆ ಬೇಡ, ಹಳೆಯ ವಾಹನಗಳ ರೇಡಿಯೇಟರ್ ಅಂತೂ ಬೇಡವೇ ಬೇಡ.

ಮದ್ಯ ಇಳಿಸುವ ಕುತೂಹಲ ಇಟ್ಟುಕೊಂಡವರಿಗೂ ಒಂದು ಮಾತು. 1996ರಿಂದ ಸ್ವಂತ ಬಳಕೆಗೆ ಅದನ್ನು ಬಿಟ್ಟುಕೊಟ್ಟಿರುವ ನ್ಯೂಜಿಲೆಂಡಿನಂಥ ದೇಶಗಳು ವಿರಳ; ಹೆಚ್ಚಿನ ಕಡೆ ಪರವಾನಗಿಯಿಲ್ಲದೆ ಇಳಿಸುವುದು ಅಪರಾಧ. ಅದರ ಆವಿ ಬೆಂಕಿ ಹಿಡಿಯುವಂಥದು. ಮೆಥನಾಲ್ 64.7 ಡಿಗ್ರಿಗೆ, ಎಥನಾಲ್ 78.4 ಡಿಗ್ರಿಗೆ ಕುದಿಯುತ್ತವೆ, ಆದ್ದರಿಂದ ಎರಡನ್ನೂ ಸುಲಭವಾಗಿ ಬೇರ್ಪಡಿಸಬಹುದು ಎಂಬ ವಾದ ಕಾಗದದ ಮೇಲಷ್ಟೇ ಚೆಂದ. ಬೆರೆತ ದ್ರವಗಳು ಒಂದೇ ಪಾತ್ರೆಯ ಸರಳ ಸಾಧನದಲ್ಲಿ ಹಾಗೆ ಸಾಲಾಗಿ ಹೊರಬರುವುದಿಲ್ಲ. ಹೊಸಬರು ಹೂವಿಗೂ ನೀರಿಗೂ ನಿಲ್ಲುವುದು ಒಳ್ಳೆಯದು.

ಇಂಥ ಸಾಧನಗಳ ಚಿತ್ರವನ್ನು ತಾವು ಮುಂದೆ ಪ್ರಕಟಿಸುವಾಗ, ಒಲೆಯ ವಾಟ್ ಎಷ್ಟೆಂದು ಬರೆಯುವ ಜಾಗದಲ್ಲೇ ಗಂಟೆಗೆ ಎಷ್ಟು ಲೀಟರ್ ತಣ್ಣೀರು ಬೇಕೆಂಬುದನ್ನೂ ನಮೂದಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ