ಹರ್ ಕಿ ದೂನ್ ಚಾರಣ: ಬ್ಯಾಗಿನ ತೂಕ, ಹೇಸರಗತ್ತೆಯ ಬಾಡಿಗೆ

ಪ್ರೀತಿಯ ಚಾರಣಿಗರಿಗೆ ಉಡುಪಿಯಿಂದ ನಮಸ್ಕಾರ.

ಉತ್ತರಾಖಂಡದ ಹಿಮಾಲಯದಲ್ಲಿರುವ ಹರ್ ಕಿ ದೂನ್ ಕಣಿವೆಯ ಚಾರಣಕ್ಕೆ ಹೇಸರಗತ್ತೆಯ ಮೇಲೆ ಬ್ಯಾಗ್ ಹೊರಿಸುವ ಬಾಡಿಗೆ 1,800ರಿಂದ 2,700 ರೂಪಾಯಿಗೆ ಏರಿದೆ, ಬ್ಯಾಗ್ 10 ಕೆಜಿ ದಾಟಬಾರದು ಎಂದು ವಾಟ್ಸಾಪಿನಲ್ಲಿ ಎರಡೇ ಸಾಲು ಹಾಕಿದ್ದೆವು. ಕಾರಣ ಹೇಳದೆ ಹಾಗೆ ಹಾಕಿದ್ದು ನಮ್ಮ ತಪ್ಪು. ಕ್ಷಮಿಸಿ. ಆದರೆ "ಸೀಸನ್ ನೋಡಿ ದೋಚುತ್ತಿದ್ದಾರೆ" ಎಂಬ ಮಾತು ಕೇಳಿ ನಿಜಕ್ಕೂ ಬೇಜಾರಾಯಿತು.

ಲೆಕ್ಕ ಇಷ್ಟೇ. ಒಂದು ಹೇಸರಗತ್ತೆ ಮತ್ತು ಅದರ ಜೊತೆ ನಡೆಯುವವನಿಗೆ ದಿನಕ್ಕೆ 1,800 ರೂಪಾಯಿ. ಚಾರಣದ ಆರು ದಿನಕ್ಕೆ 10,800. ಮೊದಲು ಆರು ಬ್ಯಾಗ್ ಹಾಕುತ್ತಿದ್ದೆವು, ತಲಾ 1,800 ಬೀಳುತ್ತಿತ್ತು. ಈಗ ನಾಲ್ಕೇ ಬ್ಯಾಗ್, ತಲಾ 2,700. ಇದರಲ್ಲಿ ನಮ್ಮ ಕಿಸೆಗೆ ಒಂದು ರೂಪಾಯಿಯೂ ಇಲ್ಲ. ಕೇದಾರನಾಥ ಯಾತ್ರೆ ಶುರುವಾದರೆ ಉತ್ತರಾಖಂಡದಲ್ಲಿ ಹೇಸರಗತ್ತೆ ಸಿಗುವುದೇ ಕಷ್ಟ. ಆಗ ಕೇಳಿದಷ್ಟು ಕೊಡಬೇಕು. ಆ ಜಾಸ್ತಿ ಹಣವನ್ನು ಈವರೆಗೆ ನಾವೇ ಹಾಕಿದ್ದೇವೆ, ಮುಂದೆಯೂ ಹಾಕುತ್ತೇವೆ.

ಎಲ್ಲರೂ ಕೇಳುವುದು ಒಂದೇ. "ಹೇಗೂ ಅದು ಹೋಗುತ್ತದೆ ಅಲ್ವಾ, ಇನ್ನೆರಡು ಬ್ಯಾಗ್ ಹಾಕಿದರೆ ಏನು?"

ಕಳೆದ ಸೀಸನ್‌ನಲ್ಲಿ, ಚಾರಣ ಶುರುವಾಗುವ ಊರಾದ ಸಾಂಕ್ರಿಗೆ ಇಳಿದ ಸಂಜೆ, ಹೇಸರಗತ್ತೆಯ ಜೊತೆ ನಡೆಯುವ ಘೋಡಾವಾಲಾ ಅದರ ಜೀನು ಬಿಚ್ಚಿ, ನಮ್ಮನ್ನು ಕರೆದು ತೋರಿಸಿದ. ಬೆನ್ನಿನ ಒಂದು ಬದಿಯಲ್ಲಿ ಅಂಗೈಯಗಲ ಚರ್ಮ ಸುಲಿದುಹೋಗಿತ್ತು. ಆ ಬದಿಯ ಬ್ಯಾಗುಗಳನ್ನು ತೂಗಿದೆವು. 12 ಕೆಜಿ ಎಂದು ಬರೆದುಕೊಂಡಿದ್ದ ಒಂದು ಬ್ಯಾಗ್ 17 ಕೆಜಿ ಇತ್ತು. ಎರಡು ಬದಿ ಸಮ ಇಲ್ಲದಿದ್ದರೆ ಜೀನು ಒಂದು ಕಡೆಗೆ ಜಾರುತ್ತದೆ, ಹೆಜ್ಜೆ ಹೆಜ್ಜೆಗೂ ಉಜ್ಜುತ್ತದೆ. ಹೊರಡುವಾಗ ತೂಗದೆ ಏರಿಸಿದವರು ನಾವು. ಇಷ್ಟು ವರ್ಷ ಒಬ್ಬ ಚಾರಣಿಗರಿಗೂ ದೊಡ್ಡ ಗಾಯ ಆಗದಂತೆ ಕರೆತಂದಿದ್ದೇವೆ, ಆ ಹೆಮ್ಮೆ ನಮಗಿದೆ. ಪ್ರಾಣಿಯ ಬೆನ್ನು ಮಾತ್ರ ನೋಡಲಿಲ್ಲ.

ಕೆಲವರು ಲಾಮಾ ಎಂಬ, ಒಂಟೆಯ ಜಾತಿಯ ಹೊರೆ ಹೊರುವ ಪ್ರಾಣಿಗಳ ವಿಡಿಯೊ ಕಳಿಸಿ, "ಅಮೆರಿಕದಲ್ಲಿ ನೋಡಿ, ಎಷ್ಟು ಸಲೀಸು" ಎಂದಿದ್ದೀರಿ. ಅಲ್ಲೂ ಬ್ಯಾಗ್ ತೂಗಿಯೇ ಏರಿಸುತ್ತಾರೆ. ಲಾಮಾ ಹೊರುವುದು ಸುಮಾರು 25-30 ಕೆಜಿ. ಅದರ ಪಾದ ಮೆತ್ತಗೆ, ಲಾಳ ಬೇಡ, ದಾರಿಯೂ ಅಷ್ಟು ಕೆಡುವುದಿಲ್ಲ. ಹೊರೆ ಜಾಸ್ತಿಯಾದರೆ ಅದು ದಾರಿಯಲ್ಲೇ ಕೂತುಬಿಡುತ್ತದೆ, ಇಳಿಸುವವರೆಗೆ ಏಳುವುದಿಲ್ಲ. ನಮ್ಮ ಹೇಸರಗತ್ತೆ ಕೂರಲಿಲ್ಲ. ಆ ಗಾಯ ಇಟ್ಟುಕೊಂಡೇ ಸಾಂಕ್ರಿವರೆಗೆ ನಡೆಯಿತು. ಹಾಗಾಗಿ ಅದರ ಪರವಾಗಿ ನಾವು ತೂಗಬೇಕು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ತೂಕದ ನಿಯಮ ಮಾತ್ರ ಎಲ್ಲರಿಗೂ ಒಂದೇ. ಮಂಡಿನೋವು, ಬೆನ್ನುನೋವು ಇರುವವರು ಹೆದರಬೇಡಿ, ನಿಮ್ಮ ಬ್ಯಾಗ್ ಹೋಗಿಯೇ ಹೋಗುತ್ತದೆ. ಹೊರಡುವ ವಾರ ಬ್ಯಾಗ್ ತುಂಬಿಸಿಕೊಂಡು ಆಫೀಸಿಗೆ ಬನ್ನಿ. ತೂಕದ ಕೊಕ್ಕೆ ತಂದಿಟ್ಟಿದ್ದೇವೆ. ಯಾವುದು ಬೇಕು, ಯಾವುದು ಬೇಡ, ಜೊತೆಗೇ ಕೂತು ನೋಡೋಣ. ಜೀನ್ಸ್, ಹೊದಿಕೆ, ಸ್ಟೀಲಿನ ಡಬ್ಬ ಮನೆಯಲ್ಲೇ ಇರಲಿ. ಮಿಡಿ ಉಪ್ಪಿನಕಾಯಿ ನಮ್ಮ ಅಡುಗೆಯವರೇ ತರುತ್ತಾರೆ.

ನಿಮ್ಮ ಚಾರಣ ಬಳಗ,
ಉಡುಪಿ